ಟೊಮೆಟೊ ಪುಡಿ: ಮನೆಯಲ್ಲಿ ಮಾಡುವುದು, ಕೆಡದಂತೆ ಇಡುವುದು, ಅಡುಗೆಗೆ ಹಾಕುವುದು

ಟೊಮೆಟೊ ಪುಡಿ ನಮಗೆ ನೆನಪಾಗುವುದು ಟೊಮೆಟೊ ರೇಟು ಏರಿದಾಗ ಮಾತ್ರ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2000 ರೂಪಾಯಿ ದಾಟಿತ್ತು. ಆಗ ಎಲ್ಲರ ಮನೆಯಲ್ಲೂ ಇದೇ ಮಾತು. ಅದೇ ಕೋಲಾರದ ಕಡೆ ಬೆಲೆ ಬಿದ್ದಾಗ ರೈತರು ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋಗಿದ್ದೂ ಇದೆ. ಹಾಗಾಗಿ ಅಗ್ಗಕ್ಕೆ ಸಿಕ್ಕಾಗ ಒಣಗಿಸಿ ಇಟ್ಟುಕೊಳ್ಳುವುದು ಒಳ್ಳೆಯದೇ. ಆದರೆ ಹಣ್ಣಿಲ್ಲದ ದಿನ ಹಣ್ಣಿನ ಬದಲು ಹಾಕೋಣ ಅಂತ ಮಾತ್ರ ಮಾಡಿಟ್ಟರೆ ನಿರಾಸೆ ಆಗುತ್ತದೆ, ಡಬ್ಬಿ ಮೂಲೆ ಸೇರುತ್ತದೆ.

ನನ್ನ ಲೆಕ್ಕದಲ್ಲಿ ಇದರ ಜಾಗ ತರಕಾರಿ ಬುಟ್ಟಿಯಲ್ಲಿ ಇಲ್ಲ, ಮಸಾಲೆ ಡಬ್ಬಿಯಲ್ಲಿ ಇದೆ. ಸಾರಿನ ಪುಡಿ, ಇಂಗು, ಆಮ್‌ಚೂರ್ ಪಕ್ಕದಲ್ಲಿ. ಫ್ರಿಜ್ಜಿನಲ್ಲಿ ತಾಜಾ ಟೊಮೆಟೊ ಇದ್ದ ದಿನವೂ ಅರ್ಧ ಚಮಚ ಪುಡಿ ಹಾಕಬೇಕು ಅನ್ನಿಸುವ ಅಡುಗೆಗಳು ಬೇಕಾದಷ್ಟಿವೆ. ಯಾಕೆ, ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು, ಪುಡಿಯಲ್ಲಿ ಏನು ಉಳಿಯುತ್ತದೆ, ಏನು ಹೋಗುತ್ತದೆ

ಟೊಮೆಟೊದಲ್ಲಿ ನೂರಕ್ಕೆ 94-95 ಪಾಲು ನೀರು. ಅಂದರೆ 1 ಕೆಜಿ ಹಣ್ಣು ಪೂರ್ತಿ ಒಣಗಿದರೆ ಕೈಗೆ ಸಿಗುವುದು ಸುಮಾರು 50-60 ಗ್ರಾಂ ಪುಡಿ. ಇಷ್ಟೇನಾ ಅಂತ ಬೇಸರ ಮಾಡಿಕೊಳ್ಳಬೇಡಿ, ಆ 50 ಗ್ರಾಂನಲ್ಲಿ ಹತ್ತು-ಹನ್ನೆರಡು ಹಣ್ಣಿನ ರುಚಿ ಇರುತ್ತದೆ.

ಒಣಗಿಸಿದಾಗ ಹೋಗುವುದು ಹಸಿ ಟೊಮೆಟೊ ಹೆಚ್ಚಿದಾಗ ಬರುವ ಆ ಹಸಿರು ವಾಸನೆ. ಅದು ಮತ್ತೆ ಬರುವುದಿಲ್ಲ. ಆದ್ದರಿಂದ ಕೋಸಂಬರಿ, ಸಲಾಡ್, ಹಸಿ ಟೊಮೆಟೊ ಬೀಳುವ ಯಾವುದಕ್ಕೂ ಪುಡಿ ಒಗ್ಗುವುದಿಲ್ಲ. ಸುಮ್ನೆ ಪ್ರಯತ್ನ ಮಾಡಬೇಡಿ.

ಉಳಿಯುವುದು ಹುಳಿ, ಸಿಹಿ, ಬಣ್ಣ. ಜೊತೆಗೆ ಇನ್ನೊಂದು: ಗ್ಲುಟಮೇಟ್. ಅಜಿನೊಮೊಟೊ ಹಾಕಿದಾಗ ಸೂಪಿಗೆ ಬರುವ ಆ ಬಾಯಿ ತುಂಬುವ ರುಚಿ ಇದರದ್ದೇ, ಟೊಮೆಟೊದಲ್ಲಿ ಅದು ತಾನಾಗಿಯೇ ಇದೆ. ಹಣ್ಣು ಮಾಗಿದಷ್ಟೂ ಹೆಚ್ಚು. ನೀರು ಹೋದ ಮೇಲೆ ಇದೆಲ್ಲ ಗಟ್ಟಿಯಾಗಿ ಒಂದೇ ಚಮಚದಲ್ಲಿ ಕೂರುತ್ತದೆ. ಸಪ್ಪೆ ಸಾರಿಗೆ ಉಪ್ಪು, ಹುಳಿ, ಖಾರ ಎಲ್ಲ ಸರಿ ಇದ್ದೂ ಏನೋ ಕಮ್ಮಿ ಅನ್ನಿಸುತ್ತದಲ್ಲ, ಆ 'ಏನೋ' ಜಾಗಕ್ಕೆ ಹಾಕುವ ಪುಡಿ ಇದು.

ಹುಣಸೆಹಣ್ಣಿಗೆ ಇದು ಬದಲಿ ಅಲ್ಲ. ಹುಣಸೆಯ ಹುಳಿ ಟಾರ್ಟಾರಿಕ್ ಆಮ್ಲದ್ದು, ಚುರುಕು ಜಾಸ್ತಿ. ಟೊಮೆಟೊದ್ದು ಹೆಚ್ಚಾಗಿ ಸಿಟ್ರಿಕ್ ಆಮ್ಲ, ನಿಂಬೆಯಲ್ಲಿ ಇರುವಂಥದ್ದೇ, ಆದರೆ ಸಿಹಿ ಜೊತೆಗಿರುವುದರಿಂದ ಮೆತ್ತಗೆ ತಾಗುತ್ತದೆ. ಎರಡೂ ಸೇರಿದರೆ ಚೆನ್ನ. ಒಂದನ್ನು ಪೂರ್ತಿ ತೆಗೆದು ಇನ್ನೊಂದು ಹಾಕಿದರೆ ಪುಳಿಯೋಗರೆ ಪುಳಿಯೋಗರೆಯಾಗಿ ಉಳಿಯುವುದಿಲ್ಲ.

ಅಂಗಡಿಯದ್ದು ಕೊಳ್ಳುವವರಿಗೆ

ಮನೆಯಲ್ಲಿ ಮಾಡಲು ಬಿಸಿಲಿಲ್ಲ, ಪುರುಸೊತ್ತಿಲ್ಲ ಅಂದರೆ ಕೊಂಡುಕೊಳ್ಳಿ, ತಪ್ಪೇನಿಲ್ಲ. ಪ್ಯಾಕೆಟ್ ಹಿಂದೆ ಏನೇನು ಹಾಕಿದ್ದಾರೆ ಅಂತ ಬರೆದಿರುತ್ತಾರಲ್ಲ, ಅದನ್ನು ಮಾತ್ರ ಓದಿ. ಬರೀ 'ಟೊಮೆಟೊ' ಅಂತ ಇದ್ದರೆ ಅದು ಒಣಗಿಸಿ ಪುಡಿ ಮಾಡಿದ್ದು, ಕೆಂಪು ಗಾಢವಾಗಿರುತ್ತದೆ, ಸ್ವಲ್ಪ ತರಿತರಿ. 'ಮಾಲ್ಟೊಡೆಕ್ಸ್‌ಟ್ರಿನ್' ಅಂತ ಇದ್ದರೆ ಅದು ರಸವನ್ನು ಬಿಸಿ ಗಾಳಿಯಲ್ಲಿ ಸಿಂಪಡಿಸಿ ಒಣಗಿಸಿದ್ದು. ಟೊಮೆಟೊ ರಸವೊಂದೇ ಆದರೆ ಯಂತ್ರದ ಗೋಡೆಗೆ ಅಂಟಿಕೊಳ್ಳುತ್ತದೆ, ಅದಕ್ಕೇ ಈ ಪಿಷ್ಟದಿಂದ ಮಾಡಿದ ಪುಡಿ ಸೇರಿಸುತ್ತಾರೆ. ಕೆಟ್ಟದ್ದೇನಲ್ಲ, ನೀರಿಗೆ ಹಾಕಿದ ಕೂಡಲೇ ಕರಗುತ್ತದೆ ಕೂಡ. ಆದರೆ ರುಚಿ ತೆಳು. ಕೆಳಗೆ ಕೊಟ್ಟ ಅಳತೆಗಿಂತ ಸ್ವಲ್ಪ ಜಾಸ್ತಿಯೇ ಹಾಕಬೇಕಾಗುತ್ತದೆ. 551 ಅಂತ ಇದ್ದರೆ ಅದು ಗಂಟು ಕಟ್ಟದಿರಲಿ ಅಂತ ಹಾಕುವ ಸಿಲಿಕಾನ್ ಡೈಆಕ್ಸೈಡ್.

ಮೂರನೆಯದು ಚಿಪ್ಸ್ ಮೇಲೆ ಉದುರಿಸುವ 'ಟೊಮೆಟೊ ಮಸಾಲಾ'. ಅದರಲ್ಲಿ ಉಪ್ಪು, ಸಕ್ಕರೆ, ಖಾರ, ಈರುಳ್ಳಿ ಪುಡಿ ಎಲ್ಲ ಇರುತ್ತದೆ. ಮಂಡಕ್ಕಿಗೆ ಚೆನ್ನ. ಸಾರಿಗೆ ಹಾಕಿದರೆ ಉಪ್ಪಿನ ಲೆಕ್ಕ ತಪ್ಪುತ್ತದೆ.

ಹಣ್ಣು ಆರಿಸುವುದು

ತಿರುಳು ಜಾಸ್ತಿ, ರಸ ಕಮ್ಮಿ ಇರುವ ಹಣ್ಣು ಬೇಕು. ಮೊಟ್ಟೆಯಾಕಾರದ, ಗಟ್ಟಿ ಸಿಪ್ಪೆಯ ಹೈಬ್ರಿಡ್ ಟೊಮೆಟೊ ಬೇಗ ಒಣಗುತ್ತದೆ, ಪುಡಿಯೂ ಹೆಚ್ಚು ಬರುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಸಿಕ್ಕಿದರೆ ತೆಗೆದುಕೊಳ್ಳಿ, ಗಟ್ಟಿ ಹಣ್ಣು, ಒಳ್ಳೆ ಕೆಂಪು. ನಾಟಿ ಟೊಮೆಟೊದ ಹುಳಿಯೇ ಬೇರೆ, ರುಚಿಯಲ್ಲಿ ಅದನ್ನು ಬೇರೆ ಯಾವುದೂ ಮೀರಿಸುವುದಿಲ್ಲ. ಆದರೆ ನೀರು ಜಾಸ್ತಿ, ಒಣಗಲು ಒಂದು ದಿನ ಹೆಚ್ಚು ಬೇಕು. ನನ್ನನ್ನು ಕೇಳಿದರೆ ಮುಕ್ಕಾಲು ಪಾಲು ಹೈಬ್ರಿಡ್, ಕಾಲು ಪಾಲು ನಾಟಿ ಹಾಕಿ. ಮೈಯ್ಯೂ ಬರುತ್ತದೆ, ಹುಳಿಯೂ ಬರುತ್ತದೆ.

ಚೆನ್ನಾಗಿ ಕೆಂಪಾಗಿ ಹಣ್ಣಾಗಿರಬೇಕು, ಆದರೆ ಮೆತ್ತಗಾಗಿರಬಾರದು. ಭುಜದ ಹತ್ತಿರ ಹಳದಿ ಇದ್ದರೆ ಎರಡು ದಿನ ಹೊರಗಿಡಿ. ಒಡೆದಿದ್ದು, ಕಪ್ಪು ಚುಕ್ಕೆ ಬಿದ್ದಿದ್ದು, ತೊಟ್ಟಿನ ಹತ್ತಿರ ಬೂಸ್ಟು ಬಂದಿದ್ದು ಬೇಡವೇ ಬೇಡ. ಕೆಟ್ಟ ಭಾಗ ಕತ್ತರಿಸಿ ಉಳಿದಿದ್ದು ಒಣಗಿಸೋಣ ಅನ್ನುವ ಉಳಿತಾಯ ಇಲ್ಲಿ ನಡೆಯುವುದಿಲ್ಲ, ಒಣಗುವ ಮೊದಲ ದಿನವೇ ಅದು ಪಕ್ಕದ ಹೋಳಿಗೂ ಹಬ್ಬುತ್ತದೆ.

ಹೆಚ್ಚುವುದು

ತೊಳೆದು, ಬಟ್ಟೆಯಲ್ಲಿ ಒರೆಸಿ, ತೊಟ್ಟಿನ ಗಟ್ಟಿ ಭಾಗ ತೆಗೆಯಿರಿ. ಅರ್ಧ ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗಿ ಹೆಚ್ಚಿ. ಎಲ್ಲ ಒಂದೇ ದಪ್ಪ ಇರಬೇಕು, ಇಲ್ಲದಿದ್ದರೆ ತೆಳ್ಳಗಿನದು ಕಂದಾಗುವ ಹೊತ್ತಿಗೆ ದಪ್ಪದ್ದು ಇನ್ನೂ ಹಸಿ ಇರುತ್ತದೆ. ಸಿಪ್ಪೆ ತೆಗೆಯಬೇಡಿ. ಬಣ್ಣ ಜಾಸ್ತಿ ಇರುವುದೇ ಸಿಪ್ಪೆಯಲ್ಲಿ.

ಬೀಜದ ಲೋಳೆ ಹಿಂಡಿ ಎಸೆಯುವವರಿದ್ದಾರೆ, ಬೇಗ ಒಣಗಲಿ ಅಂತ. ರುಚಿ ಹೆಚ್ಚು ಇರುವುದೇ ಆ ಲೋಳೆಯಲ್ಲಿ, ಗ್ಲುಟಮೇಟ್ ತಿರುಳಿಗಿಂತ ಅಲ್ಲೇ ಜಾಸ್ತಿ. ತೀರಾ ನೀರಾಗಿದ್ದರೆ ಹೆಚ್ಚಿದ ಹೋಳನ್ನು ಜರಡಿಯಲ್ಲಿ ಹತ್ತು ನಿಮಿಷ ಇಟ್ಟು ತಾನಾಗಿ ಇಳಿದ ರಸವನ್ನು ಅವತ್ತಿನ ಸಾರಿಗೆ ಹಾಕಿ.

ಉಪ್ಪು ಸವರಬೇಕಾ? ಬೇಡ ಅಂತ ನನ್ನ ಅಭಿಪ್ರಾಯ. 1 ಕೆಜಿ ಹಣ್ಣಿಗೆ ಒಂದೇ ಟೀ ಚಮಚ ಉಪ್ಪು ಅಂದರೂ ಕೊನೆಗೆ ಸಿಗುವ 55 ಗ್ರಾಂ ಪುಡಿಯಲ್ಲಿ 5 ಗ್ರಾಂ ಉಪ್ಪೇ ಕೂತಿರುತ್ತದೆ. ಮಳೆಗಾಲದಲ್ಲಿ ಆ ಉಪ್ಪು ನೀರು ಎಳೆದುಕೊಳ್ಳುತ್ತದೆ. ಉಪ್ಪನ್ನು ಅಡುಗೆಗೆ ಹಾಕಿದರಾಯಿತು.

ಒಣಗಿಸುವುದು

ಬಿಸಿಲಿನಲ್ಲಿ: ಫೆಬ್ರವರಿಯಿಂದ ಮೇ ನಡುವೆ ಮಾಡಿ. ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ ಹಾಕುವ ಕಾಲವೇ ಇದಕ್ಕೂ ಕಾಲ. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯ ಬಿಸಿಲಿಗೆ ಎರಡು-ಮೂರು ದಿನ ಸಾಕು. ಬೆಂಗಳೂರು-ಮೈಸೂರಿಗೆ ಮೂರು-ನಾಲ್ಕು ದಿನ ಹಿಡಿಯಿರಿ. ಕರಾವಳಿಯವರಿಗೆ ಬಿಸಿಲು ಎಷ್ಟೇ ಸುಟ್ಟರೂ ಗಾಳಿಯಲ್ಲಿ ನೀರಿನ ಪಸೆ ಇರುವುದರಿಂದ ಕೊನೆಯ ಗರಿಗರಿ ಬರುವುದು ಕಷ್ಟ. ಮುಕ್ಕಾಲು ಬಿಸಿಲಿನಲ್ಲಿ ಒಣಗಿಸಿ ಕೊನೆಯದನ್ನು ಒವನ್‌ನಲ್ಲಿ ಮುಗಿಸಿ.

ತೊಳೆದ ಬಿಳಿ ಪಂಚೆ ಅಥವಾ ಸ್ಟೀಲ್ ತಟ್ಟೆ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರದ ತಟ್ಟೆ ಬೇಡ, ಹುಳಿ ಲೋಹವನ್ನು ತಿನ್ನುತ್ತದೆ. ಮೇಲೆ ಸೊಳ್ಳೆ ಪರದೆಯ ತುಂಡು ಅಥವಾ ತೆಳು ಬಟ್ಟೆ ಕಟ್ಟಿ. ನೊಣಕ್ಕೆ ಹೆಚ್ಚಿದ ಟೊಮೆಟೊ ಅಂದರೆ ಹಬ್ಬ. ಮಧ್ಯಾಹ್ನ ಒಮ್ಮೆ ಮಗುಚಿ ಹಾಕಿ. ಸಂಜೆ ಐದಕ್ಕೆ ಮರೆಯದೆ ಒಳಗೆ ತನ್ನಿ, ರಾತ್ರಿ ಇಬ್ಬನಿ ಬಿದ್ದರೆ ಹಗಲೆಲ್ಲ ಒಣಗಿದ್ದು ಮತ್ತೆ ಹಸಿಯಾಗುತ್ತದೆ. ಎರಡನೇ ದಿನ ಮೋಡ ಕವಿದರೆ ಕಾಯಬೇಡಿ. ಅವತ್ತೇ ಒವನ್‌ಗೆ ಹಾಕಿ, ಅದೂ ಇಲ್ಲದಿದ್ದರೆ ಎಣ್ಣೆ ಹಾಕಿ ತೊಕ್ಕು ಮಾಡಿಬಿಡಿ.

ಡಿಹೈಡ್ರೇಟರ್ (ಬಿಸಿ ಗಾಳಿಯಲ್ಲಿ ಒಣಗಿಸುವ ಯಂತ್ರ) ಇದ್ದರೆ 57-60 ಡಿಗ್ರಿ, 8ರಿಂದ 12 ಗಂಟೆ. ಇದಕ್ಕಿಂತ ಹೆಚ್ಚು ಹೇಳುವುದೇನೂ ಇಲ್ಲ.

ಒಟಿಜಿ (ಮನೆಯಲ್ಲಿ ಇಡುವ ಚಿಕ್ಕ ಒವನ್) ಅಥವಾ ಒವನ್: ಇರುವುದರಲ್ಲಿ ಅತಿ ಕಡಿಮೆ ಬಿಸಿಗೆ ಇಡಿ, 60-70 ಡಿಗ್ರಿ. ಫ್ಯಾನ್ ಇದ್ದರೆ ಹಾಕಿ. ಬಾಗಿಲ ಸಂದಿಗೆ ಮರದ ಸೌಟು ಸಿಕ್ಕಿಸಿ ಒಂದು ಬೆರಳು ತೆರೆದಿಡಿ, ಆವಿ ಹೊರಗೆ ಹೋಗದಿದ್ದರೆ ಹೋಳು ಒಣಗುವ ಬದಲು ಬೇಯುತ್ತದೆ. 6ರಿಂದ 10 ಗಂಟೆ ಹಿಡಿಯುತ್ತದೆ. ಬೇಗ ಆಗಲಿ ಅಂತ 100 ಡಿಗ್ರಿಗೆ ಏರಿಸಿದರೆ ಅಂಚು ಕಂದಾಗಿ, ಸಕ್ಕರೆ ಸುಟ್ಟು, ಪುಡಿ ಕಹಿಯಾಗುತ್ತದೆ. ಮೈಕ್ರೋವೇವ್ ಈ ಕೆಲಸಕ್ಕೆ ಅಲ್ಲ, ಒಂದೇ ಹೋಳು ಒಂದು ಕಡೆ ಸುಟ್ಟು ಇನ್ನೊಂದು ಕಡೆ ಹಸಿ ಉಳಿಯುತ್ತದೆ.

ಆಯಿತೋ ಇಲ್ಲವೋ ನೋಡುವುದು ಹೇಗೆ? ಬಿಸಿ ಇರುವಾಗ ನೋಡಬೇಡಿ. ಬಿಸಿಯಲ್ಲಿ ಎಲ್ಲ ಹೋಳೂ ಬಗ್ಗುತ್ತವೆ, ಇನ್ನೂ ಆಗಿಲ್ಲ ಅನ್ನಿಸುತ್ತದೆ. ಒಂದು ಹೋಳು ಹೊರಗೆ ತೆಗೆದು ಐದು ನಿಮಿಷ ಆರಲು ಬಿಡಿ. ಆಮೇಲೆ ಎರಡು ಕೈಯಲ್ಲಿ ಹಿಡಿದು ಬಗ್ಗಿಸಿ. ಪಟ್ ಅಂತ ಮುರಿಯಬೇಕು. ಒಣದ್ರಾಕ್ಷಿಯಂತೆ ಬಗ್ಗಿ ಎಳೆದುಕೊಂಡರೆ ಇನ್ನೂ ನೀರಿದೆ. ಪರೀಕ್ಷೆಗೆ ಅತಿ ದಪ್ಪದ ಹೋಳನ್ನೇ ಆರಿಸಿ, ಅದರಲ್ಲೂ ಬೀಜದ ಸುತ್ತ ಅಂಟು ಇದೆಯಾ ಅಂತ ಬೆರಳಲ್ಲಿ ಒತ್ತಿ ನೋಡಿ. ಕೊನೆಯವರೆಗೂ ಹಸಿ ಉಳಿಯುವ ಜಾಗ ಅದೇ.

ಪುಡಿ ಮಾಡುವ ಮೊದಲು ಒಂದು ವಾರ

ಇದನ್ನು ಬಹಳ ಜನ ಬಿಡುತ್ತಾರೆ, ಆಮೇಲೆ ಪುಡಿ ಕಲ್ಲಾಯಿತು ಅಂತ ಗೋಳಾಡುತ್ತಾರೆ. ಒಣಗಿದ ಹೋಳನ್ನು ಗಾಜಿನ ಬಾಟಲಿಯಲ್ಲಿ ಮುಕ್ಕಾಲು ಭಾಗ ತುಂಬಿ ಮುಚ್ಚಿಡಿ. ದಿನಕ್ಕೊಮ್ಮೆ ಅಲ್ಲಾಡಿಸಿ. ಕೆಲವು ಹೋಳಿನಲ್ಲಿ ಉಳಿದ ಪಸೆ ಎಲ್ಲಕ್ಕೂ ಸಮನಾಗಿ ಹಂಚಿಹೋಗುತ್ತದೆ. ಬಾಟಲಿ ಒಳಗೋಡೆಗೆ ಮಂಜು ಕಟ್ಟಿದರೆ, ಅಥವಾ ಹೋಳುಗಳು ಒಂದಕ್ಕೊಂದು ಅಂಟಿದರೆ, ಮತ್ತೆ ಬಿಸಿಲಿಗೋ ಒವನ್‌ಗೋ ಹಾಕಿ. ಬೂಸ್ಟು ಕಂಡರೆ ಪೂರ್ತಿ ಎಸೆಯಿರಿ.

ಪುಡಿ ಮಾಡುವುದು

ಟೊಮೆಟೊದಲ್ಲಿ ಸಕ್ಕರೆ ಇದೆ, ಹುಳಿ ಇದೆ. ಎರಡೂ ಸ್ವಲ್ಪ ಬಿಸಿ ತಾಗಿದರೂ, ಸ್ವಲ್ಪ ಪಸೆ ತಾಗಿದರೂ ಅಂಟಾಗುತ್ತವೆ. ಅದಕ್ಕೇ ಮಿಕ್ಸಿ ಒಂದೇ ಸಮ ತಿರುಗಿಸಿದರೆ ಬ್ಲೇಡ್ ಸುತ್ತ ಕೆಂಪು ಮುದ್ದೆ ಕಟ್ಟಿಕೊಳ್ಳುತ್ತದೆ.

ಮಳೆ ಇಲ್ಲದ ಒಣ ದಿನ ನೋಡಿಕೊಳ್ಳಿ. ಹೋಳಿನ ಬಾಟಲಿಯನ್ನು ಗಟ್ಟಿ ಮುಚ್ಚಿ ಅರ್ಧ ಗಂಟೆ ಫ್ರೀಜರ್‌ನಲ್ಲಿ ಇಡಿ. ಮಿಕ್ಸಿಯ ಚಿಕ್ಕ ಜಾರನ್ನು ಬಿಸಿಲಲ್ಲಿ ಇಟ್ಟು ಪೂರ್ತಿ ಒಣಗಿಸಿ, ಆರಿಸಿ. ಹೊರಗೆ ತೆಗೆದ ಹೋಳನ್ನು ತಡ ಮಾಡದೆ, ಜಾರಿನ ಅರ್ಧಕ್ಕಿಂತ ಕಮ್ಮಿ ಹಾಕಿ, ಐದೈದು ಸೆಕೆಂಡು ಬಿಟ್ಟು ಬಿಟ್ಟು ತಿರುಗಿಸಿ. ಉಳಿದದ್ದು ಮುಚ್ಚಿದ ಬಾಟಲಿಯಲ್ಲೇ ಇರಲಿ. ತೆರೆದಿಟ್ಟರೆ ತಣ್ಣನೆ ಹೋಳಿನ ಮೇಲೆ ಗಾಳಿಯ ನೀರು ಕೂರುತ್ತದೆ.

ತಿರುಗಿಸಿದ ಕೂಡಲೇ ಮುಚ್ಚಳ ತೆಗೆಯಬೇಡಿ. ಎರಡು ನಿಮಿಷ ಬಿಡಿ, ಇಲ್ಲದಿದ್ದರೆ ಕೆಂಪು ಧೂಳು ನೇರ ಮೂಗಿಗೆ. ಹಿಟ್ಟಿನ ಜರಡಿಯಲ್ಲಿ ಹಿಡಿಯಿರಿ, ಮೇಲೆ ಉಳಿದ ಬೀಜ-ಸಿಪ್ಪೆಯನ್ನು ಮತ್ತೊಮ್ಮೆ ತಿರುಗಿಸಿ. ಆಮೇಲೂ ಉಳಿದ ತರಿಯನ್ನು ಎಸೆಯಬೇಡಿ, ಚಟ್ನಿಪುಡಿಗೆ ಬರುತ್ತದೆ.

ಇಡುವುದು

ಚಿಕ್ಕ ಚಿಕ್ಕ ಗಾಜಿನ ಬಾಟಲಿ, ಗಟ್ಟಿ ಮುಚ್ಚಳ, ಕತ್ತಲೆ ಜಾಗ. ಬೆಳಕಿಗೆ ಇಟ್ಟರೆ ಬಣ್ಣ ಮಾಸುತ್ತದೆ. ದಿನ ಬಳಸುವುದಕ್ಕೆ ಒಂದು ಚಿಕ್ಕ ಬಾಟಲಿ ಒಲೆಯಿಂದ ದೂರದ ಕಪಾಟಿನಲ್ಲಿ, ಉಳಿದಿದ್ದು ಫ್ರಿಜ್ಜಿನಲ್ಲಿ. ಚೆನ್ನಾಗಿ ಒಣಗಿದ್ದರೆ ಆರು ತಿಂಗಳು ರುಚಿ, ಬಣ್ಣ ಎರಡೂ ನಿಲ್ಲುತ್ತವೆ. ಔಷಧಿ ಡಬ್ಬಿಯಲ್ಲೋ ಹೊಸ ಶೂ ಡಬ್ಬಿಯಲ್ಲೋ ಬರುವ ಸಿಲಿಕಾ ಚೀಟಿ ಹಾಕುವ ಉಪಾಯ ಕೆಲವರು ಹೇಳುತ್ತಾರೆ. ಆಹಾರಕ್ಕೆ ಅಂತಲೇ ಸಿಗುವ ಚೀಟಿ ಆದರೆ ಸರಿ, ಶೂ ಡಬ್ಬಿಯದ್ದು ಬೇಡ. ಹುರಿದು ಆರಿಸಿದ ಒಂದು ಚಮಚ ಅಕ್ಕಿಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಹಾಕಿದರೂ ಸ್ವಲ್ಪ ಮಟ್ಟಿಗೆ ಪಸೆ ಹಿಡಿಯುತ್ತದೆ.

ಒಂದು ಅಭ್ಯಾಸ ಮಾತ್ರ ಬಿಡಲೇಬೇಕು: ಕುದಿಯುವ ಪಾತ್ರೆಯ ಮೇಲೆ ಬಾಟಲಿ ಬಗ್ಗಿಸಿ ಉದುರಿಸುವುದು. ಆವಿ ಒಳಗೆ ಹೋಗುತ್ತದೆ, ವಾರದಲ್ಲಿ ಬಾಯಿ ಹತ್ತಿರದ ಪುಡಿ ಗಟ್ಟಿಯಾಗುತ್ತದೆ. ಒಣ ಚಮಚದಲ್ಲಿ ಬಟ್ಟಲಿಗೆ ತೆಗೆದುಕೊಂಡು, ಮುಚ್ಚಳ ಹಾಕಿ, ಆಮೇಲೆ ಒಲೆ ಹತ್ತಿರ ಬನ್ನಿ.

ಅಳತೆ

ಒಂದು ಮಧ್ಯಮ ಟೊಮೆಟೊಗೆ 2 ಟೀ ಚಮಚ ಪುಡಿ ಮತ್ತು ಕಾಲು ಲೋಟಕ್ಕಿಂತ ಸ್ವಲ್ಪ ಹೆಚ್ಚು ನೀರು. ಗಟ್ಟಿ ಪೇಸ್ಟ್ ಬೇಕಾದರೆ ಪುಡಿ ಎಷ್ಟೋ ನೀರೂ ಅಷ್ಟೇ. ಸಾಸ್‌ನಷ್ಟು ತೆಳು ಬೇಕಾದರೆ ಒಂದಕ್ಕೆ ಮೂರು ಪಾಲು ನೀರು. ಬರೀ ರುಚಿ ಏರಿಸಲು ಆದರೆ ನಾಲ್ಕು ಜನರ ಅಡುಗೆಗೆ ಅರ್ಧದಿಂದ ಒಂದು ಟೀ ಚಮಚ ಸಾಕು, ನೀರಿನ ಲೆಕ್ಕ ಬೇಡ. ಮೊದಲ ಸಲ ಕಮ್ಮಿಯೇ ಹಾಕಿ. ಹಾಕಿ ಐದು ನಿಮಿಷ ಆದ ಮೇಲೆ ರುಚಿ ನೋಡಿ, ಒಣ ತಿರುಳು ನೀರು ಕುಡಿದು ಉಬ್ಬುವವರೆಗೆ ಹುಳಿ ಪೂರ್ತಿ ಬಿಡುವುದಿಲ್ಲ.

ಹಾಕುವ ಮೂರು ದಾರಿ

ಎಲ್ಲ ಅಡುಗೆಗೂ ಒಂದೇ ಥರ ಹಾಕಿದರೆ ಕೆಲವೊಮ್ಮೆ ಗಂಟು, ಕೆಲವೊಮ್ಮೆ ಕಹಿ. ಮೂರು ಬಗೆ ಗೊತ್ತಿದ್ದರೆ ಸಾಕು.

ಒಂದು, ಕದಡಿ ಹಾಕುವುದು. ಸಾರು, ಹುಳಿ, ಗೊಜ್ಜು, ಗ್ರೇವಿಗೆ. ಬಟ್ಟಲಿನಲ್ಲಿ ಪುಡಿ ಹಾಕಿ, ಉಗುರು ಬೆಚ್ಚಗಿನ ನೀರು ಸ್ವಲ್ಪ ಸ್ವಲ್ಪವೇ ಹಾಕುತ್ತ ಮೊದಲು ಪೇಸ್ಟ್ ಮಾಡಿ, ಆಮೇಲೆ ತೆಳು ಮಾಡಿ. ನೇರ ಕುದಿಯುವ ಸಾರಿಗೆ ಪುಡಿ ಸುರಿದರೆ ಹೊರಗೆ ಅಂಟು, ಒಳಗೆ ಒಣ ಪುಡಿ ಇರುವ ಗಂಟುಗಳು ತೇಲುತ್ತವೆ. ಆಮೇಲೆ ಸೌಟಿನಲ್ಲಿ ಎಷ್ಟು ಒತ್ತಿದರೂ ಹೋಗುವುದಿಲ್ಲ.

ಎರಡು, ಎಣ್ಣೆಯಲ್ಲಿ ಅರಳಿಸುವುದು. ನನಗೆ ಇದೇ ಇಷ್ಟ. ಟೊಮೆಟೊದ ಕೆಂಪು ಬಣ್ಣ, ಅಂದರೆ ಲೈಕೋಪೀನ್, ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಬಿಸಿ ಮತ್ತು ಎಣ್ಣೆ ಎರಡೂ ಇದ್ದಾಗ ನಮ್ಮ ಮೈಗೂ ಅದು ಚೆನ್ನಾಗಿ ಹತ್ತುತ್ತದೆ. ಒಗ್ಗರಣೆಗೆ ಸಾಸಿವೆ ಸಿಡಿದು, ಕರಿಬೇವು ಬಿದ್ದು, ಈರುಳ್ಳಿ ಬಾಡಿದ ಮೇಲೆ ಉರಿ ಪೂರ್ತಿ ಸಣ್ಣ ಮಾಡಿ. ಪಕ್ಕದಲ್ಲಿ ಎರಡು ಚಮಚ ನೀರು ಮೊದಲೇ ತಯಾರಿರಲಿ. ಪುಡಿಯನ್ನು ಎಣ್ಣೆ ಇರುವ ಜಾಗಕ್ಕೆ ಹಾಕಿ ಸೌಟಿನಲ್ಲಿ ಆಡಿಸಿ. ಮೊದಲು ಅಂಚಿನಲ್ಲಿ ಸಣ್ಣ ನೊರೆ ಏಳುತ್ತದೆ. ಎಣ್ಣೆ ಕಿತ್ತಳೆಗೆ ತಿರುಗಿ, ಆಮೇಲೆ ಕೆಂಪಾಗುತ್ತದೆ. ಹುಳಿ ವಾಸನೆ ಹೋಗಿ ಸಿಹಿ ವಾಸನೆ ಬರುತ್ತದೆ. ಇಷ್ಟೆಲ್ಲ ಆಗಲು ಹತ್ತು-ಹದಿನೈದು ಸೆಕೆಂಡು. ತಕ್ಷಣ ಆ ಎರಡು ಚಮಚ ನೀರು ಹಾಕಿಬಿಡಿ. ಚುಯ್ ಅಂತ ಸದ್ದಾಗಿ ಪುಡಿ ಉಬ್ಬಿ ಬಾಣಲೆಯಲ್ಲಿ ದಪ್ಪ ಕೆಂಪು ಗೊಜ್ಜು ನಿಲ್ಲುತ್ತದೆ. ಈ ಹಂತದಲ್ಲಿ ಫೋನ್ ಬಂದರೆ ಎತ್ತಬೇಡಿ. ಪುಡಿ ಇಟ್ಟಿಗೆ ಬಣ್ಣ ದಾಟಿ ಕಂದಾದರೆ ಕಹಿ ಬಂದಾಯಿತು, ಬೆಲ್ಲ ಹಾಕಿದರೂ ಹೋಗುವುದಿಲ್ಲ.

ಮೂರು, ಒಣದಾಗಿ ಉದುರಿಸುವುದು. ಮಂಡಕ್ಕಿ, ಕಡಲೆ ಬೀಜ, ಪಾಪ್‌ಕಾರ್ನ್, ದೋಸೆ, ಹುರಿದ ಆಲೂಗಡ್ಡೆಗೆ. ಮೊದಲು ಎಣ್ಣೆ ಅಥವಾ ತುಪ್ಪ ಸವರಿ, ಆಮೇಲೆ ಪುಡಿ. ಒಣ ಮಂಡಕ್ಕಿಗೆ ಒಣ ಪುಡಿ ಹಾಕಿದರೆ ಎಲ್ಲ ಪಾತ್ರೆಯ ತಳ ಸೇರುತ್ತದೆ.

ಸಾರಿನಿಂದ ಶುರು ಮಾಡೋಣ

ನಾಲ್ಕು ಜನರಿಗೆ: ಕಾಲು ಕಪ್ ತೊಗರಿಬೇಳೆ ಅರಿಸಿನ ಹಾಕಿ ಮೆತ್ತಗೆ ಬೇಯಿಸಿ. ಇಲ್ಲಿ ಟೊಮೆಟೊ ಪುಡಿ ಹಾಕಬೇಡಿ. ಹುಳಿ ಬಿದ್ದರೆ ಬೇಳೆ ಬೇಗ ಬೇಯುವುದಿಲ್ಲ, ಕಾಳು ಆದರಂತೂ ಇನ್ನೂ ಕಷ್ಟ. ಹುರುಳಿ, ಅವರೆ, ಕಡಲೆ ಯಾವುದೇ ಇರಲಿ, ಬೆಂದ ಮೇಲೆಯೇ ಪುಡಿ.

4 ಟೀ ಚಮಚ ಟೊಮೆಟೊ ಪುಡಿಯನ್ನು ಅರ್ಧ ಕಪ್ ಬೆಚ್ಚಗಿನ ನೀರಿನಲ್ಲಿ ಕದಡಿ. ಇನ್ನೊಂದು ಪಾತ್ರೆಯಲ್ಲಿ ಎರಡೂವರೆ ಕಪ್ ನೀರು, ಅರ್ಧ ನೆಲ್ಲಿಕಾಯಿ ಗಾತ್ರದ ಹುಣಸೆಯ ರಸ, ಉಪ್ಪು, ಚಿಟಿಕೆ ಬೆಲ್ಲ ಕುದಿಸಿ. ಕದಡಿದ್ದು ಹಾಕಿ ಐದು ನಿಮಿಷ ಬಿಡಿ. ಆಮೇಲೆ 2 ಟೀ ಚಮಚ ಸಾರಿನ ಪುಡಿ, ಕಡೆದ ಬೇಳೆ. ನೊರೆ ಎದ್ದ ಕೂಡಲೇ ಇಳಿಸಿ. ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವು ಒಗ್ಗರಣೆ. ಒಗ್ಗರಣೆಗೇ ಇನ್ನೊಂದು ಚಿಟಿಕೆ ಟೊಮೆಟೊ ಪುಡಿ ಹಾಕಿ ಅರಳಿಸಿ ಸುರಿದರೆ ಮೇಲೆ ಕೆಂಪು ತುಪ್ಪ ತೇಲುತ್ತದೆ, ಮದುವೆ ಮನೆ ಸಾರಿನ ಹಾಗೆ ಕಾಣುತ್ತದೆ.

ತಾಜಾ ಟೊಮೆಟೊ ಇದ್ದರೆ? ಒಂದು ಹಣ್ಣು, ಜೊತೆಗೆ ಒಂದು ಟೀ ಚಮಚ ಪುಡಿ. ಹಣ್ಣು ವಾಸನೆ ಕೊಡುತ್ತದೆ, ಪುಡಿ ಮೈ ಕೊಡುತ್ತದೆ. ಪೂರ್ತಿ ಪುಡಿಯ ಸಾರಿಗಿಂತ ನನಗೆ ಇದೇ ಹೆಚ್ಚು.

ಉಳಿದ ಅಡುಗೆಗಳಲ್ಲಿ

ಶೇಂಗಾ ಚಟ್ನಿಪುಡಿ: 1 ಕಪ್ ಶೇಂಗಾ ಹುರಿದು ಸಿಪ್ಪೆ ತೆಗೆಯಿರಿ. 6 ಬ್ಯಾಡಗಿ ಮೆಣಸಿನಕಾಯಿ, 1 ಟೀ ಚಮಚ ಜೀರಿಗೆ, ಸಿಪ್ಪೆ ಸಮೇತ 4 ಎಸಳು ಬೆಳ್ಳುಳ್ಳಿಯನ್ನು ಪಸೆ ಹೋಗುವವರೆಗೆ ಹುರಿಯಿರಿ. ಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ, ಉಪ್ಪು ಮೊದಲು ಪುಡಿ ಮಾಡಿ, ಆಮೇಲೆ ಶೇಂಗಾ ಹಾಕಿ ತರಿತರಿಯಾಗಿ ತಿರುಗಿಸಿ. ಕೊನೆಗೆ ಹೊರಗೆ ತೆಗೆದು 2 ಟೇಬಲ್ ಚಮಚ ಟೊಮೆಟೊ ಪುಡಿ ಕೈಯಲ್ಲಿ ಬೆರೆಸಿ. ಮಿಕ್ಸಿಯಲ್ಲೇ ಹಾಕಿದರೆ ಶೇಂಗಾ ಎಣ್ಣೆ ಬಿಟ್ಟು ಎಲ್ಲ ಮುದ್ದೆ. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ, ಹಾಗಾಗಿ ಟೊಮೆಟೊ ಹುಳಿ ಮುಂದೆ ಬರುತ್ತದೆ. ಜೋಳದ ರೊಟ್ಟಿ, ಮೊಸರಿನ ಜೊತೆ ತಿಂದು ನೋಡಿ.

ಉಪ್ಪಿಟ್ಟಿಗೆ ರವೆ ಹಾಕುವ ಮೊದಲು ಕುದಿಯುವ ನೀರಿಗೆ ಕದಡಿದ ಪುಡಿ, 1 ಕಪ್ ರವೆಗೆ 2 ಟೀ ಚಮಚ. ಅಕ್ಕಿ ರೊಟ್ಟಿಗೆ 2 ಕಪ್ ಹಿಟ್ಟಿಗೆ 1 ಟೇಬಲ್ ಚಮಚ, ಒಣ ಹಿಟ್ಟಿಗೇ ಬೆರೆಸಿ ಆಮೇಲೆ ನೀರು. ಚಕ್ಕುಲಿ, ನಿಪ್ಪಟ್ಟಿಗೂ ಹಾಕಬಹುದು, ಆದರೆ 2 ಕಪ್ ಹಿಟ್ಟಿಗೆ 2 ಟೀ ಚಮಚ ದಾಟಬೇಡಿ. ಸಕ್ಕರೆ ಅಂಶದಿಂದ ಎಣ್ಣೆಯಲ್ಲಿ ಬೇಗ ಕೆಂಪಾಗುತ್ತದೆ, ಹೊರಗೆ ಬಣ್ಣ ಬಂತು ಅಂತ ತೆಗೆದರೆ ಒಳಗೆ ಮೆತ್ತಗೆ ಇರುತ್ತದೆ. ಉರಿ ಎಂದಿಗಿಂತ ಸ್ವಲ್ಪ ಕಮ್ಮಿ ಇಡಿ.

ಗಿರ್ಮಿಟ್ ಮಾಡುವವರಿಗೆ ಇದು ವರವೇ. ಹುಬ್ಬಳ್ಳಿ-ಧಾರವಾಡದ ಗಿರ್ಮಿಟ್‌ನಲ್ಲಿ ಈರುಳ್ಳಿ-ಹುಣಸೆ ಗೊಜ್ಜು ತೆಳುವಾದರೆ ಮಂಡಕ್ಕಿ ಮೆತ್ತಗಾಗುತ್ತದೆ. ಟೊಮೆಟೊ ಹಣ್ಣಿನ ಬದಲು ಎಣ್ಣೆಯಲ್ಲಿ ಅರಳಿಸಿದ ಪುಡಿ ಹಾಕಿದರೆ ಗೊಜ್ಜು ಗಟ್ಟಿಯಾಗಿ ಕೂರುತ್ತದೆ, ಮಂಡಕ್ಕಿ ತಿನ್ನುವವರೆಗೂ ಗರಿಗರಿ. ಮೇಲೆ ಪುಟಾಣಿ ಪುಡಿ, ಹಸಿ ಈರುಳ್ಳಿ, ಕೊತ್ತಂಬರಿ ಎಂದಿನಂತೆ.

ಕೋಳಿ, ಮೀನಿಗೆ ಮಸಾಲೆ ಸವರುವಾಗಲೂ ಇದೇ ಲಾಭ. ಹಸಿ ಟೊಮೆಟೊ ಅರೆದು ಹಾಕಿದರೆ ಕಾವಲಿ ಮೇಲೆ ನೀರು ಬಿಟ್ಟು ಮಸಾಲೆ ಜಾರುತ್ತದೆ. ಅರ್ಧ ಕೆಜಿಗೆ 1 ಟೇಬಲ್ ಚಮಚ ಪುಡಿ ಸೇರಿಸಿ ನೋಡಿ, ಮಸಾಲೆ ಕಚ್ಚಿ ಹಿಡಿಯುತ್ತದೆ. ಮೀನಿಗೆ ಹೊರಗಿನಿಂದ ರವೆ ಹೊರಳಿಸಿ, ಇಲ್ಲದಿದ್ದರೆ ಪುಡಿ ನೇರ ಕಾವಲಿಗೆ ತಾಗಿ ಕರಿಯಾಗುತ್ತದೆ. ಆಮ್ಲೆಟ್‌ಗೆ ಎರಡು ಮೊಟ್ಟೆಗೆ ಅರ್ಧ ಟೀ ಚಮಚ.

ಪಿಜ್ಜಾ ಅಥವಾ ಪಾಸ್ತಾ ಸಾಸ್ ಬೇಕಾದರೆ 1 ಟೇಬಲ್ ಚಮಚ ಎಣ್ಣೆಯಲ್ಲಿ ಬೆಳ್ಳುಳ್ಳಿ ಬಾಡಿಸಿ, 4 ಟೇಬಲ್ ಚಮಚ ಪುಡಿಯನ್ನು ಮುಕ್ಕಾಲು ಕಪ್ ನೀರಲ್ಲಿ ಕದಡಿ ಹಾಕಿ, ಉಪ್ಪು, ಓರೆಗಾನೊ, ಚಿಟಿಕೆ ಸಕ್ಕರೆ. ಸಣ್ಣ ಉರಿಯಲ್ಲಿ ಐದು ನಿಮಿಷ.

ಪನೀರ್ ಗ್ರೇವಿಯಂಥ, ಹಾಲು, ಕೆನೆ ಬೀಳುವ ಅಡುಗೆಯಲ್ಲಿ ಎಚ್ಚರ. ಹುಳಿಗೆ ಹಾಲು ಒಡೆಯುತ್ತದೆ. ಪುಡಿ ಪೂರ್ತಿ ಕುದಿದು, ಗೋಡಂಬಿ ಪೇಸ್ಟ್ ಹಾಕಿ, ಒಲೆ ಆರಿಸಿ, ಎರಡು ನಿಮಿಷ ಬಿಟ್ಟು ಆಮೇಲೆ ಕೆನೆ.

ಏನಾದರೂ ತಪ್ಪಿದರೆ

ಪುಡಿ ಬಾಟಲಿಯಲ್ಲಿ ಗಂಟು ಕಟ್ಟಿದೆ, ಆದರೆ ಬೂಸ್ಟು ಇಲ್ಲ, ವಾಸನೆ ಸರಿ ಇದೆ ಅಂದರೆ ಒಡೆದು ತಟ್ಟೆಯಲ್ಲಿ ಹರಡಿ 60 ಡಿಗ್ರಿ ಒವನ್‌ನಲ್ಲೋ ಕಡು ಬಿಸಿಲಿನಲ್ಲೋ ಒಣಗಿಸಿ ಮತ್ತೆ ಪುಡಿ ಮಾಡಿ. ಕಂದು ಬಣ್ಣಕ್ಕೆ ತಿರುಗಿದ ಹಳೆ ಪುಡಿ ತಿನ್ನಲು ಅಡ್ಡಿಯಿಲ್ಲ, ರುಚಿ ಮಂಕಾಗಿರುತ್ತದೆ, ಖಾರ ಜಾಸ್ತಿ ಇರುವ ಗೊಜ್ಜಿಗೆ ಹಾಕಿ ಮುಗಿಸಿ. ಸಾರಿಗೆ ಹುಳಿ ಜಾಸ್ತಿ ಆಯಿತಾ, ಸೋಡಾ ಹಾಕಬೇಡಿ, ಸಾಬೂನಿನ ರುಚಿ ಬರುತ್ತದೆ. ಇನ್ನಷ್ಟು ಬೇಳೆ, ಚಿಟಿಕೆ ಬೆಲ್ಲ ಸಾಕು. ಗ್ರೇವಿ ಗಟ್ಟಿಯಾಗಿಬಿಟ್ಟರೆ ಬಿಸಿನೀರು ಹಾಕಿ, ಪುಡಿಯ ನಾರು ನೀರು ಹೀರುವುದರಿಂದ ಹಾಗಾಗುತ್ತದೆ. ಗೊಜ್ಜು ತೆಳುವಾದ ದಿನ ಇದೇ ಗುಣ ಉಪಯೋಗಕ್ಕೆ ಬರುತ್ತದೆ.

ಹಾಸ್ಟೆಲ್‌ಗೆ, ಊರಿಗೆ, ಟ್ರೆಕ್ಕಿಂಗ್‌ಗೆ: ಕುದಿಸಿದರೆ ಸಾರು

4 ಟೇಬಲ್ ಚಮಚ ಟೊಮೆಟೊ ಪುಡಿ, 2 ಟೇಬಲ್ ಚಮಚ ಸಾರಿನ ಪುಡಿ, 2 ಟೇಬಲ್ ಚಮಚ ನುಣ್ಣಗೆ ಮಾಡಿದ ಹುರಿಗಡಲೆ ಪುಡಿ, 2 ಟೀ ಚಮಚ ಉಪ್ಪು, 2 ಟೀ ಚಮಚ ಸಕ್ಕರೆ. ಬೆಲ್ಲ ಬೇಡ, ಪಸೆ ಎಳೆಯುತ್ತದೆ. 1 ಟೀ ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವು ಒಗ್ಗರಣೆ ಮಾಡಿ, ಕರಿಬೇವು ಕೈಯಲ್ಲಿ ಪುಡಿಯಾಗುವಷ್ಟು ಗರಿಯಾಗಬೇಕು. ಪೂರ್ತಿ ಆರಿದ ಮೇಲೆ ಎಲ್ಲ ಬೆರೆಸಿ. ಇಷ್ಟಕ್ಕೆ ಸುಮಾರು ಆರು ಲೋಟ ಸಾರು ಆಗುತ್ತದೆ. ಒಂದು ಲೋಟಕ್ಕೆ ಒಂದೂವರೆ ಟೇಬಲ್ ಚಮಚದಂತೆ ಚಿಕ್ಕ ಜಿಪ್ ಕವರ್‌ಗಳಲ್ಲಿ ತುಂಬಿ, ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಹಾಕಿಡಿ. ತಣ್ಣೀರಿನಲ್ಲೇ ಕದಡಿ, ಆಮೇಲೆ ಒಲೆ ಅಥವಾ ಎಲೆಕ್ಟ್ರಿಕ್ ಕೆಟಲ್‌ಗೆ. ಮೂರು ನಿಮಿಷ ಕುದಿಯಬೇಕು. ಕೆಟಲ್ ಕುದಿ ಬಂದ ಕೂಡಲೇ ತಾನಾಗಿ ಆರಿಹೋಗುವಂಥದ್ದು ಆದರೆ ನೀರು ಮಾತ್ರ ಕಾಯಿಸಿ, ಪುಡಿಯನ್ನು ಲೋಟದಲ್ಲಿ ತಣ್ಣೀರು ಹಾಕಿ ಕದಡಿ, ಮೇಲೆ ಕುದಿನೀರು ಸುರಿದು ಐದು ನಿಮಿಷ ಮುಚ್ಚಿಡಿ. ಒಗ್ಗರಣೆಯ ಎಣ್ಣೆ ಇರುವುದರಿಂದ ಇದನ್ನು ಒಂದು ತಿಂಗಳೊಳಗೆ ಮುಗಿಸಿ.